ಹೀಪ್ ದೋಷ ಹಿಡಿಯಲು ಲಿಬ್‌ಡಿಸ್‌ಲೊಕೇಟರ್, ಏಸ್ಯಾನ್, ಎಲೆಕ್ಟ್ರಿಕ್ ಫೆನ್ಸ್: ಫಝಿಂಗ್‌ಗೆ ಯಾವುದು?

ಸೋರ್ಸ್ ಕೋಡ್ ಇಲ್ಲದ ಬೈನರಿಯನ್ನು ಫಝ್ ಮಾಡಬೇಕೆಂದರೆ, ಅಂದರೆ ಅಡ್ಡಾದಿಡ್ಡಿ ಇನ್‌ಪುಟ್‌ಗಳನ್ನು ಸತತವಾಗಿ ಕೊಟ್ಟು ದೋಷ ಹುಡುಕಬೇಕೆಂದರೆ, ನನ್ನ ಆಯ್ಕೆ ಲಿಬ್‌ಡಿಸ್‌ಲೊಕೇಟರ್. ಎಎಫ್‌ಎಲ್ ಪ್ಲಸ್ ಪ್ಲಸ್ ಎಂಬ ಫಝರ್ ಜೊತೆಗೇ, ಅದರ ಯುಟಿಲ್ಸ್ ಫೋಲ್ಡರಿನಲ್ಲಿ ಬರುವ ಪುಟ್ಟ ಲೈಬ್ರರಿ ಇದು. ಪ್ರಿಲೋಡ್ ಮಾಡಿದರೆ, ಅಂದರೆ ಬೇರೆ ಲೈಬ್ರರಿಗಳಿಗಿಂತ ಮೊದಲೇ ಲೋಡ್ ಮಾಡಿಸಿದರೆ ಸಾಕು, ಟಾರ್ಗೆಟ್ (ಫಝ್ ಆಗುವ ಪ್ರೋಗ್ರಾಂ) ಹೀಪಿನಿಂದ ಮೆಮೊರಿ ಪಡೆಯುವ, ಬಿಡುವ ಮ್ಯಾಲಕ್, ಕ್ಯಾಲಕ್, ರಿಯಾಲಕ್, ಫ್ರೀ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಮತ್ತೆ ಕಂಪೈಲ್ ಮಾಡುವ ಗೋಜಿಲ್ಲ. ಕಂಪೈಲ್ ಮಾಡುವಾಗಲೇ ಮೆಮೊರಿ ತಪಾಸಣೆ ಸೇರಿಸುವ ಅಡ್ರೆಸ್ ಸ್ಯಾನಿಟೈಜರ್, ಅಂದರೆ ಏಸ್ಯಾನ್, ಇದಕ್ಕಿಂತ ಹೆಚ್ಚು ಬಗೆಯ ದೋಷ ಹಿಡಿಯುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದಕ್ಕೆ ಸೋರ್ಸ್ ಬೇಕು, ಮೆಮೊರಿಯೂ ಬೇಕು.

ಲಿಬ್‌ಡಿಸ್‌ಲೊಕೇಟರ್ ಪ್ರತಿ ಬಫರಿನ ಕೊನೆಯನ್ನು ಪೇಜಿನ (ಮೆಮೊರಿಯ 4 ಕೆಬಿ ತುಂಡಿನ) ಕೊನೆಗೆ ಒತ್ತಿ ಇಡುತ್ತದೆ. ಅದರ ಮುಂದಿನ ಪೇಜು ಯಾರೂ ಓದಲಾಗದ, ಬರೆಯಲಾಗದ ಕಾವಲು ಪೇಜು. ಒಂದೇ ಒಂದು ಬೈಟ್ ಆಚೆಗೆ ಓದಿದರೂ ಅಲ್ಲೇ ಸೆಗ್‌ಫಾಲ್ಟ್. ಬಫರಿನ ಮುಂಭಾಗದಲ್ಲಿ ಒಂದು ಕ್ಯಾನರಿ, ಅಂದರೆ ಕಾವಲಿಗಿಟ್ಟ ಗೊತ್ತಾದ ಬೆಲೆ, ಇರುವುದರಿಂದ ಹಿಂದಕ್ಕೆ ಬರೆದದ್ದು ಫ್ರೀ ಮಾಡುವಾಗ ಗೊತ್ತಾಗುತ್ತದೆ. ಹಿಂದಕ್ಕೆ ಓದಿದ್ದು ಮಾತ್ರ ಸಾಮಾನ್ಯವಾಗಿ ತಪ್ಪಿಸಿಕೊಳ್ಳುತ್ತದೆ. ಹೊಸದಾಗಿ ಕೊಟ್ಟ ಜಾಗದ ತುಂಬ 204 ಎಂಬ ಕಸದ ಬೆಲೆ ಇರುತ್ತದೆ. ಬೆಲೆ ತುಂಬದೆ ಬಳಸಿದ ಪಾಯಿಂಟರ್ ಇದ್ದರೆ ಬೇಗ ಬಿದ್ದುಹೋಗಲಿ ಎಂದು. ಫ್ರೀ ಆದ ಜಾಗವನ್ನು ಮುಚ್ಚಿ ಬೀಗ ಹಾಕಿ ಮತ್ತೆಂದೂ ಬಳಸುವುದಿಲ್ಲ, ರಿಯಾಲಕ್ ಪ್ರತಿ ಸಲವೂ ಹೊಸ ವಿಳಾಸವನ್ನೇ ಕೊಡುತ್ತದೆ. ಹಳೇ ಪಾಯಿಂಟರನ್ನು ಇನ್ನೂ ಹಿಡಿದುಕೊಂಡಿರುವ ಕೋಡ್ ಬಯಲಾಗುವುದು ಇಲ್ಲಿಯೇ.

ಏಸ್ಯಾನ್ ಸ್ಟ್ಯಾಕ್, ಗ್ಲೋಬಲ್ ದೋಷಗಳನ್ನೂ ನೋಡುತ್ತದೆ, ಎಲ್ಲಿ ಅಲಾಟ್ ಆಯಿತು, ಎಲ್ಲಿ ಫ್ರೀ ಆಯಿತು ಎಂದು ವರದಿ ಕೊಡುತ್ತದೆ. ಪ್ರಿಲೋಡ್ ಲೈಬ್ರರಿಯಿಂದ ಇವೆರಡೂ ಸಾಧ್ಯವಿಲ್ಲ. ಫ್ರೀ ಆದ ಜಾಗವನ್ನು ಮಾತ್ರ ಏಸ್ಯಾನ್ ಡಿಫಾಲ್ಟಾಗಿ 256 ಎಂಬಿಯ ಕ್ವಾರಂಟೈನ್‌ನಲ್ಲಿ ಇಟ್ಟು, ಅದು ತುಂಬಿದ ಮೇಲೆ ಮರುಬಳಕೆಗೆ ಬಿಡುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕುವ ಆಸೆ ಬೇಡ, ಇಬ್ಬರೂ ಮ್ಯಾಲಕ್‌ಗಾಗಿ ಕಿತ್ತಾಡುತ್ತಾರೆ.

ಇನ್ನು ಲಿಬ್‌ಡಿಸ್‌ಲೊಕೇಟರ್‌ನ ನಿಜವಾದ ತಲೆನೋವು: ಸುಳ್ಳು ಕ್ರ್ಯಾಶ್‌ಗಳು. ಕ್ರ್ಯಾಶ್ ಫೋಲ್ಡರ್ ತುಂಬ ಹೆಸರಿನಲ್ಲಿ 'ಸಿಗ್ 06' (ಅಬಾರ್ಟ್ ಸಿಗ್ನಲ್) ಇರುವ ಫೈಲುಗಳು ಬಂದು ಬೀಳುತ್ತವೆ, ಲೈಬ್ರರಿ ಇಲ್ಲದೆ ಓಡಿಸಿದರೆ ಒಂದೂ ಬೀಳುವುದಿಲ್ಲ. ಕಾರಣ ಟಾರ್ಗೆಟ್‌ನಲ್ಲಿಲ್ಲ, ಕರ್ನಲ್ ಮಿತಿಯಲ್ಲಿದೆ. ಒಂದೊಂದು ಅಲಾಟ್‌ಗೂ ಒಂದು ಬಳಕೆಯ ಮ್ಯಾಪಿಂಗ್ (ಕರ್ನಲ್ ಲೆಕ್ಕ ಇಡುವ ಮೆಮೊರಿ ವಲಯ), ಒಂದು ಕಾವಲಿನ ಮ್ಯಾಪಿಂಗ್. ಲಿನಕ್ಸಿನಲ್ಲಿ ಒಂದು ಪ್ರೊಸೆಸ್‌ಗೆ ಇರುವ ಮ್ಯಾಪಿಂಗ್ ಮಿತಿ, ಅಂದರೆ ವಿಎಂ.ಮ್ಯಾಕ್ಸ್_ಮ್ಯಾಪ್_ಕೌಂಟ್, ಮೂಲ ಕರ್ನಲ್‌ನಲ್ಲಿ 65,530. ಹಾಗಾಗಿ ಏಕಕಾಲಕ್ಕೆ ಸುಮಾರು 32 ಸಾವಿರ ಬಫರುಗಳು ಜೀವಂತವಿದ್ದರೆ ಕಾವಲು ಪೇಜಿಗೆ ಬೀಗ ಹಾಕುವ ಎಂಪ್ರೊಟೆಕ್ಟ್ ಕರೆ ಸೋಲುತ್ತದೆ, ಲೈಬ್ರರಿ ಅಬಾರ್ಟ್ ಮಾಡುತ್ತದೆ, ಫಝರ್ ಅದನ್ನು ಕ್ರ್ಯಾಶ್ ಎಂದು ಬರೆದುಕೊಳ್ಳುತ್ತದೆ. ಸಣ್ಣ ಸಣ್ಣ ನೋಡ್‌ಗಳ ಮರ ಕಟ್ಟುವ ಎಕ್ಸ್‌ಎಂಎಲ್ ಪಾರ್ಸರಿನಂಥ ಟಾರ್ಗೆಟ್ ಈ ಗಡಿಯನ್ನು ಸುಲಭವಾಗಿ ಮುಟ್ಟುತ್ತದೆ. ಸಿಸ್‌ಸಿಟಿಎಲ್‌ನಿಂದ ಮಿತಿಯನ್ನು 10,48,576ಕ್ಕೆ ಏರಿಸಿದರೆ ಈ ಕಾಟ ಬಹುಪಾಲು ನಿಲ್ಲುತ್ತದೆ.

ಹಾಗೆಂದು ಸಿಗ್ 06 ಎಲ್ಲವನ್ನೂ ಒಟ್ಟಿಗೆ ಅಳಿಸುವಂತಿಲ್ಲ. ಕ್ಯಾನರಿ ಕೆಟ್ಟಾಗಲೂ ಲೈಬ್ರರಿ ಇದೇ ಅಬಾರ್ಟನ್ನೇ ಮಾಡುವುದು, ಅದು ಅಪ್ಪಟ ದೋಷ. ಫೈಲನ್ನು ಫಝರ್ ಹೊರಗೆ, ಲೈಬ್ರರಿ ಸಮೇತ ಓಡಿಸಿ ಸ್ಟ್ಯಾಂಡರ್ಡ್ ಎರರ್‌ನಲ್ಲಿ ಬರುವ ಸಾಲನ್ನು ಓದಿ: ಕ್ಯಾನರಿ ಎಂದಿದ್ದರೆ ಇಟ್ಟುಕೊಳ್ಳಿ, ಎಂಪ್ರೊಟೆಕ್ಟ್ ಎಂದಿದ್ದರೆ ಎಸೆಯಿರಿ.

ಒಂದೇ ಪ್ರೊಸೆಸ್‌ನಲ್ಲಿ ಲೂಪ್ ಹಾಕಿ ಹಲವು ಇನ್‌ಪುಟ್ ಓಡಿಸುವ ಪರ್ಸಿಸ್ಟೆಂಟ್ ಮೋಡ್‌ನಲ್ಲಿ ಇದೇ ತೊಂದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ಫ್ರೀ ಆದ ಪೇಜು ಬೀಗದೊಳಗಿದ್ದರೂ ರ‍್ಯಾಮಿನಲ್ಲೇ ಕೂತಿರುತ್ತದೆ. ಒಂದು ಬೈಟ್ ಕೇಳಿದರೂ 4 ಕೆಬಿ ಹೋಯಿತು. ಒಂದು ಸುತ್ತಿಗೆ 200 ಅಲಾಟ್ ಎಂದರೆ 800 ಕೆಬಿ. ಎಲ್ಲರೂ ಹಾಗೇ ನಕಲು ಮಾಡಿಕೊಳ್ಳುವ 10,000 ಸುತ್ತಿನ ಲೂಪಿಗೆ ಅದು 8 ಜಿಬಿ ಹತ್ತಿರ. ಲೈಬ್ರರಿಗೆ ಮೆಮೊರಿ ಮಿತಿ ಹಾಕುವ ಎನ್ವಿರಾನ್‌ಮೆಂಟ್ ವೇರಿಯಬಲ್ ಎಎಫ್‌ಎಲ್_ಎಲ್‌ಡಿ_ಲಿಮಿಟ್_ಎಂಬಿ ಇದನ್ನು ತಡೆಯುತ್ತದೆ ಎಂದುಕೊಂಡರೆ ತಪ್ಪು, ಆ ಲೆಕ್ಕದಲ್ಲಿ ಫ್ರೀ ಆದದ್ದು ಕಳೆದುಹೋಗಿರುತ್ತದೆ, ಎಣಿಕೆಯೂ ಕೇಳಿದ ಬೈಟುಗಳದು, ಪೇಜುಗಳದಲ್ಲ. ಲೂಪನ್ನು 500ಕ್ಕೆ ಇಳಿಸಿ, 400 ಎಂಬಿಯಲ್ಲಿ ಮುಗಿಯುತ್ತದೆ. ಫೋರ್ಕ್ ಹೆಚ್ಚಾಗಿ ವೇಗ ಸ್ವಲ್ಪ ತಗ್ಗಿದರೂ ಮಷಿನ್ ಸ್ವಾಪ್‌ಗೆ ಬಿದ್ದು ಟೈಮ್‌ಔಟ್‌ಗಳ ರಾಶಿ ಬೀಳುವುದಕ್ಕಿಂತ ವಾಸಿ.

ಲೈಬ್ರರಿ ಲೋಡ್ ಆಗಿದೆಯೇ ಎಂಬುದನ್ನು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು. ಪಾತ್ ತಪ್ಪಿದ್ದರೆ ಅಥವಾ 32 ಬಿಟ್ ಟಾರ್ಗೆಟ್‌ಗೆ 64 ಬಿಟ್ ಲೈಬ್ರರಿ ಕೊಟ್ಟಿದ್ದರೆ ಡೈನಾಮಿಕ್ ಲೋಡರ್ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ಫಝರ್ ಟಾರ್ಗೆಟ್‌ನ ಔಟ್‌ಪುಟ್ಟನ್ನು ನಲ್ ಡಿವೈಸ್‌ಗೆ ಕಳಿಸುವುದರಿಂದ ಆ ಸಾಲು ಯಾರ ಕಣ್ಣಿಗೂ ಬೀಳದು. ಸ್ಟ್ಯಾಟಿಕ್ ಲಿಂಕ್ ಆದ ಬೈನರಿಯಾದರೆ ಆ ಸಾಲೂ ಇಲ್ಲ. ಎಎಫ್‌ಎಲ್_ಎಲ್‌ಡಿ_ವರ್ಬೋಸ್ ಅನ್ನು 1 ಮಾಡಿ, ಎಲ್‌ಡಿ_ಪ್ರಿಲೋಡ್‌ಗೆ ಲೈಬ್ರರಿಯ ಪೂರ್ಣ ಪಾತ್ ಕೊಟ್ಟು ಟಾರ್ಗೆಟನ್ನು ನೇರವಾಗಿ ಒಮ್ಮೆ ಓಡಿಸಿ. ಅಲಾಟ್‌ಗಳ ಸಾಲು ಸಾಲು ಕಾಣದಿದ್ದರೆ ಲೋಡ್ ಆಗಿಲ್ಲ. ಫಝಿಂಗ್‌ಗೆ ಮಾತ್ರ ಎಲ್‌ಡಿ_ಪ್ರಿಲೋಡ್ ಬದಲು ಎಎಫ್‌ಎಲ್_ಪ್ರಿಲೋಡ್ ಬಳಸಿ. ಇಲ್ಲದಿದ್ದರೆ ಫಝರ್‌ನೊಳಗೂ ಇದೇ ಅಲೊಕೇಟರ್ ಹೊಕ್ಕು ಅದನ್ನೂ ಎಳೆದಾಡುತ್ತದೆ.

13 ಬೈಟ್ ಕೇಳಿದರೆ ಬಫರ್ ಬೆಸ ವಿಳಾಸದಲ್ಲಿ ಶುರುವಾಗುತ್ತದೆ, 16 ಬೈಟ್‌ಗೆ ಹೊಂದಿದ ವಿಳಾಸ ಬೇಡುವ ಪ್ರೊಸೆಸರ್‌ನ ಎಸ್‌ಎಸ್‌ಇ ಸೂಚನೆಗಳು ಅಲ್ಲಿ ಬೀಳಬಹುದು. ಎಎಫ್‌ಎಲ್_ಅಲೈನ್ಡ್_ಅಲಾಕ್ ಅನ್ನು 1 ಮಾಡಿದರೆ ಸರಿ, ಆದರೆ ಆಗ ಕೊನೆಯ ಮೂರು ಬೈಟ್‌ಗಳ ಅತಿಓದು ಕೈತಪ್ಪುತ್ತದೆ, ಬರೆದದ್ದು ಫ್ರೀ ಆಗುವಾಗ ಸಿಗುತ್ತದೆ. ಅಗತ್ಯವಿದ್ದರಷ್ಟೇ ಹಾಕಿ.

ಎಲೆಕ್ಟ್ರಿಕ್ ಫೆನ್ಸ್ ಎಂಬ ಲೈಬ್ರರಿ 1987ರದು, ಉಪಾಯ ಹೆಚ್ಚುಕಡಿಮೆ ಅದೇ. ಕಾವಲು ಪೇಜನ್ನು ಬಫರಿನ ಹಿಂದೆ ಅಥವಾ ಮುಂದೆ ಇಡಬಹುದು, ಎರಡೂ ಕಡೆ ಒಟ್ಟಿಗೆ ಅಲ್ಲ. ಸೊನ್ನೆ ಬೈಟಿನ ಮ್ಯಾಲಕ್ಕನ್ನೂ ಡಿಫಾಲ್ಟಾಗಿ ದೋಷವೆಂದು ನಿಲ್ಲಿಸುತ್ತದೆ, ಫಝಿಂಗ್‌ಗೆ ಇದು ಶುದ್ಧ ಗದ್ದಲ. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಯ ಮ್ಯಾಲಕ್ ಡೀಬಗ್ ಲೈಬ್ರರಿ ಹಗುರ, 2.34ನೇ ಆವೃತ್ತಿಯಿಂದ ಅದನ್ನೂ ಪ್ರಿಲೋಡ್ ಮಾಡಬೇಕು, ಅತಿಓದು ಅದಕ್ಕೆ ಕಾಣದು. ಮೆಮೊರಿ ತಪಾಸಕ ವಾಲ್‌ಗ್ರಿಂಡ್ ಒಂದು ಕ್ರ್ಯಾಶನ್ನು ಕೂತು ನೋಡಲಿಕ್ಕೆ ಸರಿ, ಫಝಿಂಗ್‌ಗಲ್ಲ.

8 ಜಿಬಿ ರ‍್ಯಾಮ್, ನಾಲ್ಕು ಕೋರ್ ಇರುವ ಮಷಿನ್‌ಗೆ ನನ್ನ ಹಂಚಿಕೆ ಹೀಗೆ: ಮೂರು ಇನ್‌ಸ್ಟೆನ್ಸ್ ಬರಿಗೈಯಲ್ಲಿ, ಒಂದರಲ್ಲಿ ಮಾತ್ರ ಲಿಬ್‌ಡಿಸ್‌ಲೊಕೇಟರ್. ಕ್ಯೂ ಹೇಗೂ ಸಿಂಕ್ ಆಗುವುದರಿಂದ ಬೇರೆಯವು ಹುಡುಕಿದ ಹೊಸ ಇನ್‌ಪುಟ್‌ಗಳು ಇದರ ಕೈಗೂ ಬರುತ್ತವೆ. ಸೋರ್ಸ್ ಸಿಕ್ಕಿದ ಟಾರ್ಗೆಟ್‌ನಲ್ಲಿ ಆ ನಾಲ್ಕನೆಯ ಜಾಗವನ್ನು ಏಸ್ಯಾನ್ ಬಿಲ್ಡ್‌ಗೆ ಬಿಟ್ಟುಕೊಡುತ್ತೇನೆ. ಸೋರ್ಸ್ ಇಲ್ಲದೆಯೂ ವಿವರವಾದ ವರದಿ ಬೇಕೆಂದರೆ ಬೈನರಿಯನ್ನು ಎಮ್ಯುಲೇಟರ್‌ನಲ್ಲಿ ಓಡಿಸುವ ಕ್ಯೂಎಮು ಮೋಡಿನ ಕ್ಯೂಎಸ್ಯಾನ್ ಇದೆ. ನಿಧಾನವಾದ್ದರಿಂದ ಸಿಕ್ಕ ಕ್ರ್ಯಾಶ್‌ಗಳನ್ನು ಮರುಪರೀಕ್ಷೆ ಮಾಡಲಷ್ಟೇ ಅದನ್ನು ಬಳಸುವುದು.