ಬೋರ್‌ವೆಲ್ ಮೋಟರ್ ಡೇಟಾದಲ್ಲಿ ಪ್ಯಾಟರ್ನ್ ಹುಡುಕೋದು: ಮೂರು ದಾರಿ ಓಡಿಸಿ ನೋಡಿದೆ

ತೋಟದ ಬೋರ್‌ವೆಲ್ ಮೋಟರ್ ಎಷ್ಟು ಆಂಪಿಯರ್ ಎಳೀತಿದೆ ಅಂತ ನಿಮಿಷಕ್ಕೊಂದು ರೀಡಿಂಗ್ ತಗೊಳ್ಳೋ ಸೆನ್ಸರ್ ಹಾಕಿದೀನಿ, 30 ದಿನಕ್ಕೆ 43,200 ಅಂಕಿ. ಒಂದು ಗಂಟೆ ಉದ್ದದ ಯಾವ ತುಂಡು ಮತ್ತೆ ಮತ್ತೆ ಬರುತ್ತೆ ಅಂತ ಹುಡುಕ್ಬೇಕಿತ್ತು, ಮುಖ್ಯವಾಗಿ ನೀರಿಲ್ದೆ ಒಣ ಓಡೋ ತುಂಡು, ಯಾಕಂದ್ರೆ ಹಂಗೆ ಓಡಿದ್ರೆ ಮೋಟರ್ ಸುಟ್ಟೋಗುತ್ತೆ.

ಮೊದ್ಲು ನೇರ ದಾರಿ, ಎರಡು ಲೂಪ್ ಹಾಕಿ ಎಲ್ಲದನ್ನೂ ಎಲ್ಲದರ ಜೊತೆ ಹೋಲಿಸೋದು. ಸುಮಾರು 93 ಕೋಟಿ ಜೋಡಿ, ರಾತ್ರಿ ಓಡೋಕೆ ಬಿಟ್ಟು ಬೆಳಗ್ಗೆ ನೋಡಿದ್ರೂ ಮುಗಿದಿರ್ಲಿಲ್ಲ.

ಆಮೇಲೆ 2003ರ ಸ್ಯಾಕ್ಸ್ (SAX) ಅನ್ನೋ ವಿಧಾನ. ಅಂಕಿ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ಅಕ್ಷರ ಕೊಟ್ಟು, ತುಂಡನ್ನ ಅಕ್ಷರಗಳ ಪದ ಮಾಡಿ ಒಂದೇ ಪದ ಬಂದಿದ್ದನ್ನ ಗುಂಪು ಹಾಕೋದು. ವೇಗ ಏನೋ ಇದೆ, ಆದ್ರೆ ಎರಡು ಅಕ್ಷರಗಳ ನಡುವಿನ ಗೆರೆಯ ಆಚೆ ಈಚೆ ಸ್ವಲ್ಪ ಜಾರಿದ್ರೂ ಅಕ್ಷರ ಬದಲಾಗಿ ಒಂದೇ ಥರದ ಎರಡು ತುಂಡು ಬೇರೆ ಬೇರೆ ಗುಂಪಿಗೆ ಹೋಗ್ತವೆ.

ನಂಗೆ ಹಿಡಿಸಿದ್ದು ಮ್ಯಾಟ್ರಿಕ್ಸ್ ಪ್ರೊಫೈಲ್, 2016ರಲ್ಲಿ ಕಂಪ್ಯೂಟರ್ ವಿಜ್ಞಾನಿ ಈಮನ್ ಕೀಯೋ ಅವರ ತಂಡ ತಂದಿದ್ದು, ಪೈಥಾನ್‌ನಲ್ಲಿ ಸ್ಟಂಪಿ ಅಂತ ಲೈಬ್ರರಿ ಇದೆ. ಪ್ರತಿ ತುಂಡಿಗೂ ಅದರ ಅತಿ ಹತ್ತಿರದ ಜೋಡಿ ಎಲ್ಲಿದೆ, ಎಷ್ಟು ದೂರ (ಅಂದ್ರೆ ಎರಡರ ನಡುವೆ ಎಷ್ಟು ವ್ಯತ್ಯಾಸ) ಅಂತ ಕೊಡುತ್ತೆ, ಅಂದಾಜಲ್ಲ, ನಿಖರ ಉತ್ತರ. ಜೋಡಿಗಳನ್ನೇನೂ ಬಿಡಲ್ಲ, ಆದ್ರೆ ಕಿಟಕಿ (ಹೋಲಿಸೋ ತುಂಡಿನ ಚೌಕಟ್ಟು) ಒಂದು ಹೆಜ್ಜೆ ಸರಿದಾಗ, ಎರಡು ತುಂಡಿನ ಅಂಕಿಗಳನ್ನ ಗುಣಿಸಿ ಕೂಡಿದ ಹಳೇ ಮೊತ್ತದಿಂದ ಒಂದು ಗುಣಲಬ್ಧ ಕಳೆದು ಒಂದನ್ನ ಕೂಡಿಸ್ತಾರೆ ಅಷ್ಟೇ, ಹಂಗಾಗಿ 60 ನಿಮಿಷದ ಕಿಟಕಿ ಆದ್ರೂ 600ರದ್ದಾದ್ರೂ ಕೆಲಸ ಹೆಚ್ಚುಕಮ್ಮಿ ಅಷ್ಟೇ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಒಂದು ನಿಮಿಷದೊಳಗೆ ಮುಗೀತು, ನಂಬಕ್ಕಾಗ್ಲಿಲ್ಲ!

ಆದ್ರೆ ಮೊದಲ ಫಲಿತಾಂಶ ಉಪಯೋಗಕ್ಕೆ ಬರ್ಲಿಲ್ಲ. ಮೋಟರ್ ಆಫ್ ಇದ್ದಾಗಿನ ಸಪಾಟು ಸೊನ್ನೆಗಳೇ ದೂರ 0 ಅಂತ ಮೇಲೆ ಬಂದು ಕೂತಿದ್ವು. ಆಫ್ ಇರೋ ಜಾಗಕ್ಕೆ NaN (ಇಲ್ಲಿ ಅಂಕಿ ಇಲ್ಲ ಅನ್ನೋ ಗುರುತು) ತುಂಬಿದೆ, ಕಿಟಕೀಲಿ ಒಂದು NaN ಇದ್ರೂ ಆ ಇಡೀ ತುಂಡನ್ನ ಸ್ಟಂಪಿ ಪಕ್ಕಕ್ಕಿಡುತ್ತೆ, ಅದಕ್ಕೇ ಮೋಟರ್ ಶುರುವಾಗೋ ಮುಂಚಿನ ಹತ್ತು ನಿಮಿಷ, ನಿಂತ ಮೇಲಿನ ಹತ್ತು ನಿಮಿಷ ಹಂಗೇ ಉಳಿಸ್ಕೊಂಡೆ.

ಇನ್ನೊಂದು ತೊಂದ್ರೆ ಇದಕ್ಕಿಂತ ದೊಡ್ಡದು. ಮಾಮೂಲಿ ಸೆಟ್ಟಿಂಗಲ್ಲಿ ಸ್ಟಂಪಿ ಆಕಾರ ಮಾತ್ರ ನೋಡುತ್ತೆ, ಎತ್ತರ ಅಳಿಸಿಹಾಕುತ್ತೆ. ಒಣ ಓಡೋವಾಗ ಮೋಟರ್ ಕಮ್ಮಿ ಆಂಪಿಯರ್ ಎಳೆಯುತ್ತೆ, ಆಕಾರ ನೋಡಿದ್ರೆ ಒಳ್ಳೆ ಓಟದ ಥರಾನೇ ಕಾಣುತ್ತೆ, ಅಂದ್ರೆ ನಂಗೆ ಬೇಕಿದ್ದ ವ್ಯತ್ಯಾಸಾನೇ ಮಾಯ. ಹಂಗೆ ಎತ್ತರ ಅಳಿಸೋ ನಾರ್ಮಲೈಸ್ ಆಯ್ಕೆ ಫಾಲ್ಸ್ ಮಾಡಿ ಮತ್ತೆ ಓಡಿಸ್ದೆ, ಆಗ ಒಣ ಓಟಗಳು ಒಳ್ಳೆ ಓಟಗಳ ಜೊತೆ ಬೆರೀದೆ ತಮ್ಮತಮ್ಮಲ್ಲೇ ಜೋಡಿಯಾದ್ವು, ಎಲ್ಲಾ ಸತತ ಮೂರು ಗಂಟೆ ಓಡಿದ ಮೇಲಿನವೇ. ಈಗ ಎರಡೂವರೆ ಗಂಟೆಗೆ ಟೈಮರ್ ಇಟ್ಟಿದೀನಿ.