ಟ್ರಾಕ್ಟರ್ ಟ್ರೈಲರ್‌ಗೆ ಏರ್ ಬ್ರೇಕ್ ಕಿಟ್: ಕೆಲವು ಸುಗ್ಗಿಗಳ ಬಳಕೆಯ ನಂತರ

ಗಾಡಿ 45ರಿಂದ 50 ಎಚ್‌ಪಿ ವರ್ಗದ ಟ್ರಾಕ್ಟರ್, ನಾಲ್ಕು ಗಾಲಿಯ ಟ್ರೈಲರ್. ಕೆಲಸ, ಸುಗ್ಗಿಯಲ್ಲಿ ಮೆಕ್ಕೆಜೋಳ ದಾವಣಗೆರೆ ಎಪಿಎಂಸಿಗೆ, ಭತ್ತ ರೈಸ್ ಮಿಲ್ಲಿಗೆ, ಉಳಿದ ದಿನ ಜಲ್ಲಿ, ಇಟ್ಟಿಗೆ, ಗೊಬ್ಬರ. ಒತ್ತಿದ ಗಾಳಿಯ ಬಲದಿಂದ ಟ್ರೈಲರ್ ಗಾಲಿ ಹಿಡಿಯುವ ಈ ಕಿಟ್ ಎರಡು ಪೈಪಿನದು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಸಾಮಾನಿನ ಬಗ್ಗೆ ದೂರಿಲ್ಲ. ಆದರೆ ಟ್ರೈಲರ್ ಬ್ರೇಕು ಟ್ರಾಕ್ಟರ್ ಬ್ರೇಕಿಗಿಂತ ಕೂದಲೆಳೆಯಷ್ಟು ಮೊದಲು ಹಿಡಿಯುವಂತೆ ಹೊಂದಿಸದಿದ್ದರೆ ಹಾಕಿಸಿದ ದುಡ್ಡು ದಂಡ. ಫಿಟ್ಟರುಗಳು ಅವಸರ ಮಾಡುವುದೂ ಅಲ್ಲಿಯೇ.

ಯಾಕೆ ಬೇಕು ಎಂಬುದಕ್ಕೆ ಲೆಕ್ಕ ನೋಡಿ. ಸಾಮಾನ್ಯ ಟ್ರಾಕ್ಟರ್‌ಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಎರಡು ಟನ್ನಿನ ಟ್ರಾಕ್ಟರ್ ಹಿಂದೆ ಆರು ಟನ್ ಎಳೆದುಕೊಂಡು 30 ಕಿ.ಮೀ. ವೇಗದಲ್ಲಿ ಬರುವಾಗ ಟ್ರಾಕ್ಟರ್ ಬ್ರೇಕನ್ನೇ ನಂಬಿದರೆ ಒಣ ಡಾಂಬರಿನಲ್ಲೂ ನಿಲ್ಲಲು ಸುಮಾರು 30 ಮೀಟರ್ ಬೇಕು. ಟ್ರೈಲರ್ ತನ್ನ ಪಾಲಿನ ಬ್ರೇಕ್ ತಾನು ಹಿಡಿದರೆ 12ರಿಂದ 15 ಮೀಟರಿಗೆ ಇಳಿಯುತ್ತದೆ. ಇದು ಕಾಲು ಪೆಡಲ್ ಮುಟ್ಟಿದ ಮೇಲಿನ ದೂರ. ಇಳಿಜಾರಿನಲ್ಲಿ ಇನ್ನೊಂದು ತೊಂದರೆ. 20ಕ್ಕೆ 1ರ ಇಳುಕಲಿನಲ್ಲಿ ಆರು ಟನ್ ಟ್ರೈಲರ್ 300 ಕೆ.ಜಿ. ಬಲದಲ್ಲಿ ಟ್ರಾಕ್ಟರನ್ನು ಬೆನ್ನಿಂದ ನೂಕುತ್ತಲೇ ಇರುತ್ತದೆ. ಆಗ ತಿರುವಿನಲ್ಲಿ ಟ್ರಾಕ್ಟರ್ ಮಾತ್ರ ಬ್ರೇಕ್ ಹಿಡಿದರೆ ಹುಕ್ಕಿನ ಹತ್ತಿರ ಮಡಚಿಕೊಂಡು ಅಡ್ಡ ತಿರುಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಯ ಏರಿಳಿತದಲ್ಲಾಗಲಿ, ಹೆದ್ದಾರಿ 48ರಿಂದ ಸರ್ವಿಸ್ ರಸ್ತೆಗೆ ಇಳಿಯುವಲ್ಲಾಗಲಿ ಲೋಡ್ ಗಾಡಿ ಓಡಿಸಿದವರಿಗೆ ಆ ನೂಕು ಗೊತ್ತಿರುತ್ತದೆ.

ಆಯ್ಕೆಗೆ ಬರೋಣ. ಅಮೆರಿಕದ ಪಿಕಪ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸುವ ಎಲೆಕ್ಟ್ರಿಕ್ ಬ್ರೇಕ್ ಕಂಟ್ರೋಲರ್ ವಿಡಿಯೋಗಳನ್ನು ನೋಡಿ ಕೇಳುವವರಿದ್ದಾರೆ. ಡ್ರಮ್ಮಿನೊಳಗೆ ಮ್ಯಾಗ್ನೆಟ್, ಒಂದೊಂದಕ್ಕೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್, ಎಷ್ಟು ಬಿಗಿ ಹಿಡಿಯಬೇಕೆಂದು ತಿರುಗಿಸಿ ಹೊಂದಿಸುವ ಗುಂಡಿ. ವ್ಯವಸ್ಥೆ ಸೊಗಸಾಗಿದೆ, ಕರೆಂಟೂ ಟ್ರಾಕ್ಟರ್‌ಗೆ ಭಾರವಲ್ಲ. ಆದರೆ ಆ ಮ್ಯಾಗ್ನೆಟ್, ಡ್ರಮ್ಮಿಗೆ ಉಜ್ಜಿ ಹಿಡಿಯುವ ಆ ಲೈನರ್ ಇಲ್ಲಿನ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಸುಗ್ಗಿಯ ನಡುವೆ ಪಾರ್ಸಲ್ ಕಾಯುತ್ತಾ ಕೂರಲಾಗದು. ಹೈಡ್ರಾಲಿಕ್ ಟ್ರೈಲರ್ ಬ್ರೇಕ್ ಅಗ್ಗ, ಕೂರಿಸುವುದೂ ಸುಲಭ. ಆದರೆ ಒಂದೇ ಹೋಸಿನ ಸಾದಾ ಜೋಡಣೆಯಲ್ಲಿ ಹೋಸ್ ಕಿತ್ತರೆ ಬ್ರೇಕೂ ಹೋಯಿತು. ಏರ್ ಬ್ರೇಕ್‌ನಲ್ಲಿ ಇದಕ್ಕೆ ತದ್ವಿರುದ್ಧ, ಎರಡು ಪೈಪಿನ ಜೋಡಣೆಯಲ್ಲಿ ಗಾಳಿ ತುಂಬುವ ಕೆಂಪು ಪೈಪ್ ಕಿತ್ತರೆ ಟ್ರೈಲರ್ ತಾನಾಗಿ ಹಿಡಿದು ನಿಲ್ಲುತ್ತದೆ. ಜೊತೆಗೆ ವಾಲ್ವ್, ಡಯಾಫ್ರಮ್ ಎಲ್ಲ ಲಾರಿ ಸಾಮಾನೇ, ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಾದುಹೋಗುವ ಊರಿನಲ್ಲಿ ಅದಕ್ಕೆ ಬರವಿಲ್ಲ.

ಕಿಟ್ ಎಂದು ಕೊಡುವುದರಲ್ಲಿ ಇರಲೇಬೇಕಾದವು ಇಷ್ಟು: ಬೆಲ್ಟಿನಿಂದ ತಿರುಗುವ ಕಂಪ್ರೆಸರ್, 8 ಬಾರ್ (ಬಾರ್ ಎಂದರೆ ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಗಾಳಿ ಹೊರಬಿಡುವ ಅನ್‌ಲೋಡರ್ ವಾಲ್ವ್, ಟ್ರಾಕ್ಟರ್ ಟ್ಯಾಂಕ್, ಸೇಫ್ಟಿ ವಾಲ್ವ್, ಒತ್ತಡ ತೋರಿಸುವ ಮೀಟರ್, ಪೆಡಲಿಗೆ ಸೇರುವ ಬ್ರೇಕ್ ವಾಲ್ವ್, ಕೆಂಪು ಹಳದಿ ಪಾಮ್ ಕಪ್ಲಿಂಗ್ (ಟ್ರಾಕ್ಟರ್, ಟ್ರೈಲರ್ ಪೈಪು ಸೇರಿಸುವ ಕೊಂಡಿ; ಕೆಂಪು ಟ್ರೈಲರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ, ಹಳದಿ ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಸುತ್ತದೆ). ಟ್ರೈಲರ್ ಕಡೆ ಪ್ರತ್ಯೇಕ ಟ್ಯಾಂಕ್, ಕೆಂಪು ಪೈಪ್ ಕಿತ್ತಾಗ ಆ ಟ್ಯಾಂಕಿನ ಗಾಳಿಯಿಂದ ಬ್ರೇಕ್ ಹಿಡಿಸುವ ರಿಲೇ ಎಮರ್ಜೆನ್ಸಿ ವಾಲ್ವ್, ಗಾಳಿಯ ಒತ್ತಡದಿಂದ ರಾಡ್ ದೂಡುವ ಬ್ರೇಕ್ ಚೇಂಬರ್ ಎರಡು, ಲೈನರ್ ಸವೆದಂತೆ ಬಿಗಿ ಮಾಡುವ ತೋಳು ಅಂದರೆ ಸ್ಲ್ಯಾಕ್ ಅಡ್ಜಸ್ಟರ್. “ಎರಡು ಪೈಪ್ ಯಾಕಣ್ಣ, ಒಂದೇ ಸಾಕು” ಎಂದು ಹಳದಿ ಪೈಪ್ ಒಂದನ್ನೇ ನೇರ ಚೇಂಬರಿಗೆ ಎಳೆದು ಕೊಡುವವರಿದ್ದಾರೆ. ಅದರಲ್ಲಿ ಟ್ರೈಲರ್ ಟ್ಯಾಂಕೂ ಇಲ್ಲ, ಎಮರ್ಜೆನ್ಸಿ ವಾಲ್ವೂ ಇಲ್ಲ. ಹುಕ್ಕಿನ ಪಿನ್ ಹಾರಿದ ದಿನ ಟ್ರೈಲರ್ ತನ್ನ ಪಾಡಿಗೆ ತಾನು ಹೋಗುತ್ತದೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ಚೇಂಬರಿನ ನಂಬರ್ ಎಂದರೆ ಅದರೊಳಗಿನ ರಬ್ಬರ್ ಪೊರೆಯ, ಅಂದರೆ ಡಯಾಫ್ರಮ್ಮಿನ, ಅಗಲ ಎಷ್ಟು ಚದರ ಇಂಚು ಎಂಬುದು. ಟೈಪ್ 20 ಚೇಂಬರಿಗೆ 6 ಬಾರ್ ಗಾಳಿ ಕೊಟ್ಟರೆ ಚೇಂಬರಿನಿಂದ ಹೊರಬರುವ ಪುಶ್ ರಾಡ್ ಸುಮಾರು 790 ಕೆ.ಜಿ. ಬಲದಿಂದ ದೂಡುತ್ತದೆ. ಆರೇಳು ಟನ್ನಿನ ಟ್ರೈಲರ್‌ನ ಹಿಂದಿನ ಆಕ್ಸಲ್‌ಗೆ ಇದರ ಜೋಡಿ ಸಾಕು. ದೊಡ್ಡದು ಹಾಕಿದರೆ ಖಾಲಿ ಗಾಡಿಯಲ್ಲಿ ಗಾಲಿ ಕಚ್ಚಿ ಟೈರ್ ಸವೆಯುತ್ತದೆ. ಟ್ರೈಲರ್ ಟ್ಯಾಂಕು ಎರಡೂ ಚೇಂಬರ್ ಸೇರಿದ ಗಾತ್ರದ ಎಂಟು ಪಟ್ಟಾದರೂ ಇರಬೇಕು, ಟೈಪ್ 20 ಜೋಡಿಗೆ 15ರಿಂದ 20 ಲೀಟರ್ ಎಂದಿಟ್ಟುಕೊಳ್ಳಿ.

ಕಿಟ್‌ಗಿಂತ ಹೆಚ್ಚು ತಲೆಕೆಡಿಸುವುದು ಆಕ್ಸಲ್. ಹಳೆಯ ಟ್ರೈಲರ್‌ಗಳ ಆಕ್ಸಲ್‌ನಲ್ಲಿ ಡ್ರಮ್ಮೇ ಇರುವುದಿಲ್ಲ. ಗುಜರಿಯಲ್ಲಿ ಲಾರಿ ಆಕ್ಸಲ್ ಸಿಕ್ಕಿತೆಂದು ತಂದರೆ, 20 ಇಂಚಿನ ರಿಮ್ಮಿಗೆ ಮಾಡಿದ ಡ್ರಮ್ ಟ್ರೈಲರ್‌ನ 16 ಇಂಚಿನ ರಿಮ್ಮಿನೊಳಗೆ ಕೂರುವುದಿಲ್ಲ. ಅಳತೆ ಹಿಡಿದು, 16 ಇಂಚಿನ ರಿಮ್ಮಿಗೇ ಮಾಡಿದ ಎಸ್-ಕ್ಯಾಮ್ (ಎಸ್ ಆಕಾರದ ಕ್ಯಾಮ್ ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ) ಆಕ್ಸಲ್ ಹುಡುಕಿ. ಲೈನರ್ ಯಾವ ಗಾಡಿಯದು ಹೊಂದುತ್ತದೆ ಎಂದು ಅಂಗಡಿಯಲ್ಲಿ ಕೇಳಿಕೊಂಡೇ ದುಡ್ಡು ಕೊಡಿ.

ಕೂರಿಸುವಾಗ ಕಂಪ್ರೆಸರ್ ಬ್ರಾಕೆಟ್ ಮೊದಲು. ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ 10ರಿಂದ 12 ಮಿ.ಮೀ. ಬಗ್ಗಬೇಕು. ಎಂಜಿನ್‌ನಿಂದ ಕಂಪ್ರೆಸರ್‌ಗೆ ಆಯಿಲ್ ಬರುವ ಪೈಪಿಗಿಂತ ವಾಪಸ್ ಹೋಗುವ ಪೈಪ್ ಮುಖ್ಯ. ಅದು ದಪ್ಪಗಿರಬೇಕು, ಎಲ್ಲೂ ಮೇಲೇಳದೆ ಇಳಿಜಾರಾಗಿ ಎಂಜಿನ್ ತಳದ ಆಯಿಲ್ ಸಂಪ್ ಸೇರಬೇಕು. ಅಲ್ಲಿ ತಡೆಯಾದರೆ ಕಂಪ್ರೆಸರ್‌ನಲ್ಲಿ ಆಯಿಲ್ ತುಂಬಿ ಗಾಳಿಯ ಜೊತೆ ಟ್ಯಾಂಕಿಗೆ ಹೋಗುತ್ತದೆ, ವಾಲ್ವಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕಂಪ್ರೆಸರ್‌ನಿಂದ ಟ್ಯಾಂಕಿಗೆ ಹೋಗುವ ಮೊದಲ ಮೀಟರ್, ಒಂದೂವರೆ ಮೀಟರ್ ಸ್ಟೀಲ್ ಅಥವಾ ತಾಮ್ರದ ಪೈಪೇ ಆಗಬೇಕು. ಒತ್ತಿದ ಗಾಳಿ ಸುಡುವಷ್ಟು ಬಿಸಿಯಿರುತ್ತದೆ, ನೈಲಾನ್ ಪೈಪ್ ಮೆತ್ತಗಾಗಿ ಬಾಯಿ ಬಿಡುತ್ತದೆ. ಸೈಲೆನ್ಸರ್ ಪಕ್ಕದಲ್ಲಿ ನೈಲಾನ್ ಎಳೆಯುವುದೂ ಬೇಡ. ಕಂಪ್ರೆಸರ್ ಉಸಿರಾಡುವ ಗಾಳಿಗೆ ಫಿಲ್ಟರ್ ಇರಲೇಬೇಕು. ಜೋಳದ ಮಷಿನ್ ಪಕ್ಕ ಎಂಜಿನ್ ಓಡುತ್ತಾ ನಿಂತ ಗಾಡಿ ಎಷ್ಟು ಧೂಳು ಕುಡಿಯುತ್ತದೆಂದು ಏರ್ ಕ್ಲೀನರ್ ಬಿಚ್ಚಿದವರಿಗೆ ಹೇಳಬೇಕಿಲ್ಲ.

ಈಗ ಹೊಂದಾಣಿಕೆ. ಎಡ ಬಲ ಪೆಡಲುಗಳಿಗೆ ಚಿಲಕ ಹಾಕಿ ಒಂದು ಮಾಡಿ. ರಸ್ತೆಯಲ್ಲಿ ಬಿಡಿ ಪೆಡಲ್ ಒತ್ತುವುದು ಗಾಡಿ ಮಗುಚಲು ಸುಲಭದ ದಾರಿ. ವಾಲ್ವಿನ ಲಿಂಕ್ ರಾಡನ್ನು, ಪೆಡಲ್ ಮೊದಲ ಬೆರಳಗಲ ಇಳಿಯುವಷ್ಟರಲ್ಲೇ ಹಳದಿ ಲೈನಿಗೆ ಗಾಳಿ ಬರುವಂತೆ, ಟ್ರಾಕ್ಟರ್ ಬ್ರೇಕ್ ಅದಾದ ಮೇಲೆ ಕಚ್ಚುವಂತೆ ಹೊಂದಿಸಿ. ಪರೀಕ್ಷೆ ಸುಲಭ. ಖಾಲಿ ಮೈದಾನದಲ್ಲಿ ಲೋಡಿನೊಂದಿಗೆ ನಿಧಾನ ಹೋಗಿ ಮೆಲ್ಲಗೆ ಪೆಡಲ್ ಒತ್ತಿ. ಹುಕ್ಕು ಹಿಂದಕ್ಕೆ ಎಳೆದಂತೆ ಅನಿಸಿದರೆ ಸರಿ, ಮುಂದಕ್ಕೆ ‘ಠಣ್’ ಎಂದು ಗುದ್ದಿದರೆ ಲಿಂಕ್ ಇನ್ನೂ ಬಿಗಿಯಾಗಬೇಕು. ತೀರಾ ಬಿಗಿ ಮಾಡಿದರೆ ಕಾಲು ತೆಗೆದರೂ ಲೈನರ್ ಉಜ್ಜುತ್ತಲೇ ಇರುತ್ತದೆ. ಐದಾರು ಕಿ.ಮೀ. ಓಡಿಸಿ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಬಿಸಿಯಿದ್ದರೆ ಆ ಬದಿಯ ಅಡ್ಜಸ್ಟರ್ ಸಡಿಲಿಸಿ.

ಸ್ಲ್ಯಾಕ್ ಅಡ್ಜಸ್ಟರ್‌ನ ಹೆಕ್ಸನ್ನು ಲೈನರ್ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ವಾಪಸ್ ಬಿಡಬೇಕು. ಬ್ರೇಕ್ ಹಿಡಿದಾಗ ಪುಶ್ ರಾಡಿಗೂ ಅಡ್ಜಸ್ಟರ್ ತೋಳಿಗೂ ಲಂಬಕೋನ ಬರಬೇಕು. ಟೈಪ್ 20ರಲ್ಲಿ ರಾಡ್ 45 ಮಿ.ಮೀ.ಗಿಂತ ಹೆಚ್ಚು ಹೊರಬಂದರೆ ಮತ್ತೆ ಬಿಗಿ ಮಾಡುವ ಹೊತ್ತು. ಮೀಟರ್ 7 ಬಾರ್ ತೋರಿಸುತ್ತಿದ್ದರೂ ಬ್ರೇಕ್ ಸಾಲದು ಎನ್ನುವ ದೂರುಗಳಿಗೆ ಹೆಚ್ಚಿನ ಸಲ ಕಾರಣ ಇದೇ. ಗಾಳಿ ಇದೆ, ರಾಡಿಗೆ ಹೋಗಲು ಜಾಗ ಉಳಿದಿಲ್ಲ.

ಸೋರಿಕೆ ನೋಡಲು ಟ್ಯಾಂಕ್ ತುಂಬಿಸಿ ಎಂಜಿನ್ ಆರಿಸಿ. ನಿಮಿಷಕ್ಕೆ 0.2 ಬಾರ್‌ಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಹಚ್ಚಿ ಹುಡುಕಿ. ಆಮೇಲೆ ಕೆಂಪು ಕಪ್ಲಿಂಗ್ ಬಿಚ್ಚಿ. ಟ್ರೈಲರ್ ಗಾಲಿ ಆ ಕ್ಷಣ ಹಿಡಿಯಬೇಕು. ಹಿಡಿಯದಿದ್ದರೆ ಫಿಟ್ಟರ್‌ಗೆ ಬಾಕಿ ದುಡ್ಡು ಕೊಡಬೇಡಿ.

ಬಳಸುತ್ತಾ ಹೋದಂತೆ ಕಾಣುವ ತೊಂದರೆಗಳು ಬಹುತೇಕ ಸಣ್ಣವು. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ನೀರು ಕಟ್ಟುತ್ತದೆ, ಸಂಜೆ ಗಾಡಿ ನಿಲ್ಲಿಸಿದಾಗ ಡ್ರೈನ್ ಕಾಕ್ ಬಿಚ್ಚಿದರೆ ಮುಗಿಯಿತು. ನೀರಿನ ಬದಲು ಕಪ್ಪು ಆಯಿಲ್ ಬಂದರೆ ವಾಪಸ್ ಪೈಪ್ ನೋಡಿ, ಅದು ಸರಿಯಿದ್ದರೆ ಕಂಪ್ರೆಸರ್ ರಿಂಗ್ ಸವೆದಿದೆ. ಕ್ಯಾಮ್ ಬುಷ್‌ಗೆ ಗ್ರೀಸ್ ಗನ್ ಹಿಡಿದು ಧಾರಾಳ ತೋರಿಸಿದರೆ ಗ್ರೀಸ್ ಲೈನರ್ ಮೇಲೆ ಇಳಿಯುತ್ತದೆ, ಆ ಲೈನರ್ ಮತ್ತೆ ಕೆಲಸಕ್ಕೆ ಬಾರದು. ಕೆಂಪು ಹಳದಿ ಅದಲು ಬದಲಾಗುವುದು ಇನ್ನೊಂದು. ಅಗ್ಗದ ಕಪ್ಲಿಂಗ್‌ಗಳಲ್ಲಿ ತಪ್ಪಿದ್ದು ಕೂರದಂತೆ ತಡೆಯುವ ಗುಬಟು ಇರುವುದಿಲ್ಲ. ಟ್ರೈಲರ್ ಟ್ಯಾಂಕಿನಲ್ಲಿ ಗಾಳಿಯಿದ್ದರೆ ಗಾಲಿ ಜಾಮ್ ಆಗಿ ತಪ್ಪು ಗೊತ್ತಾಗುತ್ತದೆ. ವಾರಗಟ್ಟಲೆ ನಿಂತು ಗಾಳಿ ಖಾಲಿಯಾದ ಟ್ರೈಲರ್ ಆದರೆ ಗಾಲಿ ಸಲೀಸಾಗಿ ಉರುಳುತ್ತದೆ, ಬ್ರೇಕೇ ಇಲ್ಲವೆಂದು ತಿಳಿಯುವುದು ಇಳಿಜಾರಿನಲ್ಲಿ. ಬಿಚ್ಚಿಟ್ಟ ಕಪ್ಲಿಂಗ್‌ಗೆ ಮುಚ್ಚಳ ಹಾಕದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಸುಗ್ಗಿಗೆ ಜೋಡಿಸಿದಾಗ ಆ ಮಣ್ಣು ನೇರ ವಾಲ್ವಿಗೆ.

ಕೊರತೆ ಎಂದು ಹೇಳಬೇಕಾದದ್ದು ಎರಡು. ಲೋಡಿಗೆ ತಕ್ಕಂತೆ ಗಾಳಿ ಕಡಿಮೆ ಮಾಡುವ ವಾಲ್ವ್ ಈ ಕಿಟ್‌ನಲ್ಲಿಲ್ಲ, ಖಾಲಿ ಟ್ರೈಲರ್ ತರುವಾಗ ಡ್ರೈವರ್ ಕಾಲನ್ನೇ ಹದ ಮಾಡಿಕೊಳ್ಳಬೇಕು. ಇನ್ನೊಂದು, ಗಾಳಿ ಹೋದರೂ ಸ್ಪ್ರಿಂಗ್ ಬಲದಿಂದ ಹಿಡಿದಿರುವ ಸ್ಪ್ರಿಂಗ್ ಬ್ರೇಕ್ ಇಲ್ಲದ ಚೇಂಬರ್ ಆದ್ದರಿಂದ ಪಾರ್ಕಿಂಗ್‌ಗೆ ಇದನ್ನು ನಂಬುವಂತಿಲ್ಲ. ರಾತ್ರಿ ಗಾಳಿ ಸೋರಿದರೆ ಬ್ರೇಕ್ ಬಿಡುತ್ತದೆ, ಗಾಲಿಗೆ ಕಲ್ಲು ಕೊಡುವುದನ್ನು ಮರೆಯುವಂತಿಲ್ಲ.

ಊರೊಳಗೆ, ಹೊಲದಿಂದ ಕಣಕ್ಕೆ ಮಾತ್ರ ಓಡುವ ಎರಡು ಗಾಲಿ ಟ್ರೈಲರ್‌ಗೆ ಇದು ಅತಿಯಾಯಿತು. ಅವರಿವರ ಟ್ರೈಲರ್ ಎರವಲು ತಂದು ಓಡಿಸುವವರೂ ಯೋಚಿಸಿ, ನಿಮ್ಮ ಟ್ರಾಕ್ಟರ್‌ಗೆ ಕಿಟ್ ಇದ್ದು ಟ್ರೈಲರ್‌ಗೆ ಇಲ್ಲದಿದ್ದರೆ ಏನೂ ಪ್ರಯೋಜನವಾಗದು. ಹೆದ್ದಾರಿ ಮುಟ್ಟುವ, ಐದು ಟನ್ ದಾಟುವ ಗಾಡಿಗೆ ಮಾತ್ರ ಹಾಕಿಸಿಯೇ ಬಿಡಿ. ವಾರಂಟಿ ಮುಗಿಯದ ಟ್ರಾಕ್ಟರ್ ಆದರೆ ಎಂಜಿನ್‌ಗೆ ಕೈ ಹಾಕುವ ಮುನ್ನ ಶೋರೂಮಿನವರಿಂದ ಬರೆಸಿಕೊಳ್ಳಿ. ಟೂಲ್ ಬಾಕ್ಸ್‌ನಲ್ಲಿ ಕಪ್ಲಿಂಗ್ ರಬ್ಬರ್ ನಾಲ್ಕು, ಚೇಂಬರ್ ಡಯಾಫ್ರಮ್ ಒಂದು, ಎರಡು ಮೀಟರ್ ನೈಲಾನ್ ಪೈಪ್, ಅದರ ಜಾಯಿಂಟ್ ಎರಡು, ಒಂದು ಬೆಲ್ಟ್ ಇಟ್ಟುಕೊಂಡರೆ ದಾರಿಯಲ್ಲಿ ಕೈಕೊಡುವ ಬಹುತೇಕ ಕೆಲಸ ಅಲ್ಲೇ ಮುಗಿಯುತ್ತದೆ.