ಕೆಲಸ ಕೊಡಿಸುತ್ತೇವೆಂದು ಹಣ ಕೇಳುವ ತರಬೇತಿ ಕೇಂದ್ರಗಳ ಬಗ್ಗೆ ಎಚ್ಚರ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರಲ್ಲಿ ಯಾರ ಮನೆಯಲ್ಲಾದರೂ ಅರ್ಧಕ್ಕೆ ಶಾಲೆ ಬಿಟ್ಟ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು. ತಂದೆ ತೀರಿಕೊಂಡ ಮೇಲೆ ಮೂರು ವರ್ಷ ಕ್ಯಾಂಟೀನಿನಲ್ಲಿ ದುಡಿದ. ಕಾಲೇಜಿಗೆ ಹೋಗುವ ಗೆಳೆಯರ ಮುಖ ನೋಡಲು ಸಂಕೋಚಪಟ್ಟು ಗಣಪತಿ ಹಬ್ಬಕ್ಕೂ ಚಾಳಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಹದಿನೆಂಟು ತುಂಬಿದ ಅವನಿಗೊಂದು ದಾರಿಯಾಗಲಿ ಎಂದು ನಾನೇ, ಹೌದು ನಾನೇ, ಠಾಣೆಯ ಒಂದು ತರಬೇತಿ ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಮೇಲ್ವಿಚಾರಕಿ ನಮ್ಮ ಅಡ್ಡಹೆಸರು ಕೇಳಿದ ಕೂಡಲೇ, "ವಿಜಯಪುರದ ಕಡೆಯವರೇನ್ರೀ? ನಮ್ದು ಕಲಬುರಗಿ. ನಿಮ್ಮ ಹುಡುಗ ಅಂದ್ರ ನಮ್ಮ ಹುಡುಗ ಇದ್ದಂಗ್ರಿ ಅಣ್ಣಾರ" ಎಂದರು. ನಾನು ಬಿದ್ದದ್ದು ಅಲ್ಲಿಯೇ. ಪರಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಕಾಗದಪತ್ರ ನೋಡುವ ವಿವೇಕವೇ ಉಳಿಯುವುದಿಲ್ಲ. ಅಂಗಡಿಯಲ್ಲಿ ಸಾಮಾನು ಮಾರುವ ಕೆಲಸದ ಮೂರು ತಿಂಗಳ ತರಬೇತಿ, ಸರ್ಕಾರದ ಪ್ರಮಾಣಪತ್ರ, ಮಾಲ್‌ನಲ್ಲಿ ಖಚಿತ ಕೆಲಸ ಎಂದು ಹೇಳಿ 18,000 ರೂಪಾಯಿ ಕಟ್ಟಿಸಿಕೊಂಡರು. ಹುಡುಗನ ಮೂಲ ಲೀವಿಂಗ್ ಸರ್ಟಿಫಿಕೇಟನ್ನೂ ಇಟ್ಟುಕೊಂಡರು. ತಂಗಿ ಕಿವಿಯ ಓಲೆ ಒತ್ತೆಯಿಟ್ಟು ಆ ಹಣ ತಂದಿದ್ದಳು.

ಮೂರು ತಿಂಗಳ ನಂತರ ಅವನಿಗೆ ಸಿಕ್ಕಿದ್ದು ಭಿವಂಡಿಯ ಗೋದಾಮಿನಲ್ಲಿ ರಾತ್ರಿ ಪಾಳಿಯ ಲೋಡಿಂಗ್ ಕೆಲಸ, ಅದೂ ಗುತ್ತಿಗೆದಾರನ ಕೈಕೆಳಗೆ. ನಾಲ್ಕನೆಯ ದಿನ ಮನೆಗೆ ಬಂದು, "ಮಾಮಾ, ಅಲ್ಲಿ ಕಲಿಸಿದ್ದು ಯಾವುದೂ ಬೇಕಾಗಲಿಲ್ಲ, ಬೆನ್ನೊಂದೇ ಬೇಕಾಗಿತ್ತು" ಎಂದ. ಪ್ರಮಾಣಪತ್ರದಲ್ಲಿ ಅವನ ತಂದೆಯ ಹೆಸರು ತಪ್ಪಾಗಿತ್ತು. ಮೂಲೆಯಲ್ಲಿ ಅಚ್ಚಾಗಿದ್ದ ಕ್ಯೂಆರ್ ಕೋಡನ್ನು ಫೋನಿನಲ್ಲಿ ಎಷ್ಟು ಸಲ ತೋರಿಸಿದರೂ ಏನೂ ತೆರೆದುಕೊಳ್ಳಲಿಲ್ಲ.

ಕೇಳಲು ಹೋದಾಗ ಅದೇ ಮೇಲ್ವಿಚಾರಕಿ ಕನ್ನಡ ಬಿಟ್ಟು ಹಿಂದಿಯಲ್ಲಿ ಮಾತನಾಡಿದರು. ಕೆಲಸ ಕೊಡಿಸಲು ಸಹಾಯ ಮಾಡುತ್ತೇವೆ ಎಂದಿದ್ದೆವೇ ಹೊರತು ಕೆಲಸ ಕೊಡುತ್ತೇವೆ ಎಂದಿರಲಿಲ್ಲ, ನಿಮ್ಮ ಸಹಿ ಇದೆ ನೋಡಿ ಎಂದು ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದರು. "ಹತ್ತನೆಯದೂ ಪಾಸಾಗದವನಿಗೆ ಇನ್ನೇನು ಸಿಗುತ್ತದೆ?" ಎಂದು ಹುಡುಗನ ಎದುರೇ ಕೇಳಿದರು. ಅವನು ನೆಲ ನೋಡುತ್ತ ನಿಂತಿದ್ದ. ಹಣ ಹೋದದ್ದಕ್ಕಿಂತ ಆ ಮಾತೇ ಇವತ್ತಿಗೂ ಸುಡುತ್ತಿದೆ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ತರಬೇತಿಗೆ ಅಭ್ಯರ್ಥಿ ಶುಲ್ಕ ಕಟ್ಟಬೇಕಾಗಿಯೇ ಇಲ್ಲ. ಶಾಲೆ ಬಿಟ್ಟವರಿಗೂ ಕಸುಬು ಕಲಿಸುವ ಜನ ಶಿಕ್ಷಣ ಸಂಸ್ಥಾನಗಳಿವೆ. ಐಟಿಐಯ ಕೆಲವು ವಿಭಾಗಗಳಿಗೆ ಎಂಟನೆಯ ತರಗತಿ ಮುಗಿಸಿದವರನ್ನೂ ಸೇರಿಸಿಕೊಳ್ಳುತ್ತಾರೆ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬಹುದು. ಹಗಲು ಹೋಟೆಲಿನಲ್ಲಿ ದುಡಿದು ಇದೇ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರು ನಮ್ಮ ನಡುವೆಯೇ ಇದ್ದಾರೆ, ಅವರಲ್ಲಿ ಒಬ್ಬರನ್ನಾದರೂ ನಾನು ಮೊದಲೇ ಕೇಳಬೇಕಿತ್ತು.

ಮೂಲ ದಾಖಲೆ ಕೇಳುವವರ ಕೈಗೆ ನಕಲು ಮಾತ್ರ ಕೊಡಿ. ಭಾಷೆ ನಮ್ಮದೆಂದು ನಂಬಬೇಡಿ.

1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಹುಡುಗ ಮುಕ್ತ ಶಾಲೆಗೆ ಸೇರಲು ಒಪ್ಪಿದ್ದಾನೆ, ಆದರೆ ಅವನ ಲೀವಿಂಗ್ ಸರ್ಟಿಫಿಕೇಟ್ ಇನ್ನೂ ಅವರ ಕಪಾಟಿನಲ್ಲೇ ಇದೆ.